ಫಿಲ್ಟರ್ ಯಾವುದು ಬೇಕು, ಯಾವಾಗ ಕಳಚಿಡಬೇಕು

ಲೆನ್ಸಿನ ಮುಂದೆ ಇನ್ನೊಂದು ಗಾಜನ್ನು ಹಾಕುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಗಾಜು ಮಾಡುವ ಕೆಲಸವನ್ನು ಚಿತ್ರ ತೆಗೆದಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಮಾಡಲು ಬರುತ್ತದೆಯೇ? ಬರುತ್ತದೆ ಎಂದಾದರೆ ಆ ಫಿಲ್ಟರಿಗೆ ಹಣ ಹಾಕಬೇಡಿ. ಬರುವುದಿಲ್ಲ ಎಂದಾದರೆ ನಿಮ್ಮ ಕೈಗೆಟುಕುವ ಬೆಲೆಯಲ್ಲಿ ಅತ್ಯುತ್ತಮವಾದದ್ದನ್ನೇ ಕೊಳ್ಳಿ. ಫಿಲ್ಮ್ ಬಳಸುತ್ತಿದ್ದ ಕಾಲದಲ್ಲಿ ಮನೆಯೊಳಗಿನ ಬಲ್ಬಿನ ಹಳದಿ ಬೆಳಕನ್ನು ಸರಿಪಡಿಸಲು 80ಎ ಎಂಬ ನೀಲಿ ಫಿಲ್ಟರ್ ಬೇಕಾಗುತ್ತಿತ್ತು. ಬಲ್ಬಿನ ಬೆಳಕಿಗೆಂದೇ ತಯಾರಾದ ಫಿಲ್ಮನ್ನು ಹಗಲಿನಲ್ಲಿ ಬಳಸುವವರು 85ಬಿ ಎಂಬ ಕಿತ್ತಳೆ ಬಣ್ಣದ ಫಿಲ್ಟರ್ ಇಟ್ಟುಕೊಳ್ಳುತ್ತಿದ್ದರು. ಈ ಎರಡರ ಕೆಲಸವನ್ನೂ ಇಂದು ಬೆಳಕಿನ ಬಣ್ಣವನ್ನು ಸರಿದೂಗಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮಾಡುತ್ತದೆ, ಹಾಗಾಗಿ ಅವು ನಿಮಗೆ ಬೇಕಿಲ್ಲ. ಹೀಗೆ ಒಂದೊಂದನ್ನೇ ಪಕ್ಕಕ್ಕಿಡುತ್ತಾ ಬಂದರೆ ಕೊನೆಗೆ ಉಳಿಯುವುದು ಎರಡು ಮೂರು ಫಿಲ್ಟರುಗಳು ಮಾತ್ರ, ಮತ್ತು ಅವುಗಳಿಗೆ ಇಂದಿಗೂ ಬದಲಿ ಇಲ್ಲ.

ಆದರೆ ಹೊಸ ಕ್ಯಾಮೆರಾ ಕೊಂಡವರಿಗೆ ಅಂಗಡಿಯಲ್ಲಿ ಮೊದಲು ಕೊಡುವುದು ಯುವಿ ಫಿಲ್ಟರನ್ನು. ಫಿಲ್ಮಿಗೆ ಅತಿನೇರಳೆ ಕಿರಣಗಳ ಸೂಕ್ಷ್ಮತೆ ಇದ್ದುದರಿಂದ ಬೆಟ್ಟದ ಮೇಲೆ, ಕಡಲ ಬದಿಯಲ್ಲಿ ತೆಗೆದ ಚಿತ್ರಗಳ ದೂರದ ಭಾಗ ನೀಲಿಯಾಗಿ ಮಸುಕಾಗುತ್ತಿತ್ತು. ಆಗ ಅದಕ್ಕೆ ಅರ್ಥವಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರವನ್ನು ಹಿಡಿಯುವ ಸೆನ್ಸರಿನ ಮುಂದೆ ಅತಿನೇರಳೆಯನ್ನೂ ಅವಕೆಂಪನ್ನೂ (ಇನ್‌ಫ್ರಾರೆಡ್) ತಡೆಯುವ ಪದರವೊಂದನ್ನು ತಯಾರಕರೇ ಇಟ್ಟಿರುತ್ತಾರೆ. ಆದ್ದರಿಂದ ಈಗ ಯುವಿ ಫಿಲ್ಟರ್ ಎಂಬುದು ಲೆನ್ಸಿನ ಮುಂಗಾಜನ್ನು ಕಾಯುವ ಪಾರದರ್ಶಕ ಮುಚ್ಚಳ, ಅಷ್ಟೆ. ಕಾಯುವ ಕೆಲಸವೂ ಬೇಕಾದದ್ದೇ. ಕಾರವಾರದಲ್ಲೋ ಮಲ್ಪೆಯಲ್ಲೋ ಅಲೆಯ ಹತ್ತಿರ ನಿಂತಾಗ ಉಪ್ಪುನೀರಿನ ಸಿಂಪಡಿಕೆ ಲೆನ್ಸಿನ ಮೇಲೆ ಬೀಳುತ್ತದೆ, ಒಣಗಿದ ಉಪ್ಪನ್ನು ಒರೆಸುವಾಗ ಗೀರು ಬೀಳುವುದು ಫಿಲ್ಟರಿನ ಮೇಲಾಗಲಿ ಎಂದು ನಾನೂ ಬಯಸುತ್ತೇನೆ. ನೀರು, ಧೂಳು ಒಳನುಗ್ಗದಂತೆ ಮಾಡಿದ ಕೆಲವು ಲೆನ್ಸುಗಳಲ್ಲಿ, ಉದಾಹರಣೆಗೆ ಕ್ಯಾನನ್‌ನ 17-40 ಎಂಎಂ ಲೆನ್ಸಿನಲ್ಲಿ, ಮುಂದೆ ಒಂದು ಫಿಲ್ಟರ್ ಕೂತರೆ ಮಾತ್ರ ಆ ರಕ್ಷಣೆ ಪೂರ್ತಿಯಾಗುತ್ತದೆ.

ಅದಕ್ಕೆ ತೆರಬೇಕಾದ ಬೆಲೆಯನ್ನು ನಿಮ್ಮ ಕಣ್ಣಿನಿಂದಲೇ ನೋಡಬಹುದು. ನಿಮ್ಮಲ್ಲಿ ಯಾರ ಬಳಿಯಾದರೂ ಯುವಿ ಫಿಲ್ಟರ್ ಇದ್ದರೆ ಅದನ್ನು ಕಳಚಿ, ಈ ಸಭಾಂಗಣದ ಟ್ಯೂಬ್‌ಲೈಟಿನ ಕೆಳಗೆ ತುಸು ಓರೆಯಾಗಿ ಹಿಡಿದು, ಗಾಜಿನ ಮೇಲೆ ಮೂಡುವ ದೀಪದ ಪ್ರತಿಬಿಂಬವನ್ನು ನೋಡಿ. ಪ್ರತಿಬಿಂಬ ಬೆಳ್ಳಗೆ, ದೀಪದಷ್ಟೇ ಸ್ಪಷ್ಟವಾಗಿ ಕಂಡರೆ ಆ ಗಾಜಿಗೆ ಲೇಪನವಿಲ್ಲ. ಮಂಕಾಗಿ, ಹಸಿರೋ ನೇರಳೆಯೋ ಬಣ್ಣದಲ್ಲಿ ಕಂಡರೆ ಹಲವು ಪದರಗಳ ಲೇಪನವಿದೆ. ಲೇಪನವಿಲ್ಲದ ಗಾಜಿನ ಒಂದೊಂದು ಮುಖವೂ ತನ್ನ ಮೇಲೆ ಬೀಳುವ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ, ಅಂದರೆ ಎರಡು ಮುಖಗಳಿಂದ ಸುಮಾರು ಶೇ 8. ಬೆಳಕು ಕಡಿಮೆಯಾಗುವುದು ಇಲ್ಲಿ ದೊಡ್ಡ ತೊಂದರೆಯಲ್ಲ. ಲೆನ್ಸಿನಿಂದಲೋ ಸೆನ್ಸರಿನಿಂದಲೋ ಪ್ರತಿಫಲಿಸಿ ಹೊರಟ ಬೆಳಕು ಈ ಚಪ್ಪಟೆ ಗಾಜಿಗೆ ತಾಗಿ ಮತ್ತೆ ಒಳಗೆ ಬಂದು, ಚಿತ್ರದಲ್ಲಿ ಇರಬಾರದ ಜಾಗದಲ್ಲಿ ಕೂರುವುದು ನಿಜವಾದ ತೊಂದರೆ. ದಸರೆಯ ಹೊತ್ತಿನಲ್ಲಿ ಮೈಸೂರು ಅರಮನೆಯ ದೀಪಾಲಂಕಾರವನ್ನು ಯುವಿ ಫಿಲ್ಟರ್ ಹಾಕಿಯೇ ತೆಗೆದವರ ಚಿತ್ರಗಳಲ್ಲಿ ಮೇಲಿನ ಕಪ್ಪು ಆಕಾಶವನ್ನು ಗಮನಿಸಿ: ಗೋಪುರದ ದೀಪಸಾಲು ತಲೆಕೆಳಗಾಗಿ, ಮಂಕು ಹಸಿರು ಚುಕ್ಕೆಗಳಾಗಿ ಅಲ್ಲಿ ತೇಲುತ್ತಿರುತ್ತದೆ. ರಾತ್ರಿ, ದೀಪಗಳು ಚೌಕಟ್ಟಿನೊಳಗೆ ಇರುವಾಗ ಮತ್ತು ಸೂರ್ಯನೇ ಚಿತ್ರದಲ್ಲಿರುವಾಗ ಈ ಫಿಲ್ಟರನ್ನು ಕಳಚಿಡಿ. ಉಳಿದ ದಿನಗಳಲ್ಲಿ ಲೆನ್ಸಿನ ಮುಂದೆ ಹಾಕುವ ಕೊಳವೆಯಂತಹ ಹುಡ್ ಸಾಕಷ್ಟು ಕಾಯುತ್ತದೆ ಎಂಬುದು ನನ್ನ ಅನುಭವ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ನಿಮ್ಮ ಚೀಲದಲ್ಲಿ ಒಂದೇ ಫಿಲ್ಟರಿಗೆ ಜಾಗವಿದ್ದರೆ ಅದು ಪ್ರತಿಫಲನದ ಹೊಳಪನ್ನು ತಗ್ಗಿಸುವ, ಮುಂದಿನ ಬಳೆಯನ್ನು ತಿರುಗಿಸಬಹುದಾದ ಪೋಲರೈಸರ್ ಆಗಿರಲಿ.

ಆಗುಂಬೆಯ ಸುತ್ತಮುತ್ತ ಮಳೆ ನಿಂತ ಕೂಡಲೇ ಕಾಡಿನ ಚಿತ್ರ ತೆಗೆಯಲು ಹೋಗುವವರು ನಿಮ್ಮಲ್ಲಿ ಹಲವರಿದ್ದೀರಿ. ಕಣ್ಣಿಗೆ ಅಷ್ಟು ಹಸಿರಾಗಿ ಕಂಡ ಕಾಡು ಚಿತ್ರದಲ್ಲಿ ಬೂದು ಬಿಳುಪಾಗಿ ಬಂದುದನ್ನು ನೋಡಿ ಬೇಸರವೂ ಆಗಿರುತ್ತದೆ. ಕಾರಣ ಎಲೆಯ ಮೇಲ್ಮೈಯಲ್ಲಿದೆ. ಒದ್ದೆಯಾದ ಎಲೆ, ಅದರಲ್ಲೂ ಮೇಣದ ಹೊಳಪಿರುವ ಮಳೆಕಾಡಿನ ಎಲೆ, ಮೋಡ ಕವಿದ ಬಿಳಿ ಆಕಾಶವನ್ನು ತನ್ನ ಮೈಮೇಲೆ ಪ್ರತಿಫಲಿಸುತ್ತದೆ. ಎಲೆಯ ಒಳಗಿನಿಂದ ಬರುವ ಹಸಿರಿನ ಮೇಲೆ ಈ ಬಿಳಿ ಹರಡಿಕೊಳ್ಳುತ್ತದೆ. ಒಂದು ಕೆಸುವಿನ ಎಲೆಯ ಎದುರು ಕುಳಿತು ಪೋಲರೈಸರಿನ ಬಳೆಯನ್ನು ನಿಧಾನವಾಗಿ ತಿರುಗಿಸಿ. ಕಾಲು ಸುತ್ತು ಮುಗಿಯುವುದರೊಳಗೆ ಎಲೆಯ ಮೇಲಿದ್ದ ಬಿಳಿ ಹಾಳೆ ಅಂಚಿನಿಂದ ಕರಗತೊಡಗುತ್ತದೆ, ಮುಖ್ಯ ನರ ಕಾಣುತ್ತದೆ, ಅದರಿಂದ ಕವಲೊಡೆದ ಸಣ್ಣ ನರಗಳು ಕಾಣುತ್ತವೆ, ಹಸಿರು ಗಾಢವಾಗುತ್ತದೆ. ಇನ್ನೂ ತಿರುಗಿಸಿದರೆ ಬಿಳುಪು ಮರಳಿ ಬರುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಮಾಡಲಾಗುವುದಿಲ್ಲ, ಏಕೆಂದರೆ ಹಸಿರು ಬಿಳುಪಿನೊಂದಿಗೆ ಬೆರೆತೇ ಸೆನ್ಸರಿಗೆ ತಲುಪಿರುತ್ತದೆ, ಆಮೇಲೆ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ. ಬಣ್ಣದ ಸಾಂದ್ರತೆಯನ್ನು ಹೆಚ್ಚಿಸಿದರೆ ಬೂದು ಬಣ್ಣವೇ ಹಸಿರು ಛಾಯೆ ಪಡೆಯುತ್ತದೆಯೇ ಹೊರತು ಎಲೆಯ ನರಗಳು ಮೂಡಿ ಬರುವುದಿಲ್ಲ.

ನಡೆಯುವುದು ಇಷ್ಟು. ಸೂರ್ಯನಿಂದ ಬರುವ ಬೆಳಕಿನ ಅಲೆಗಳು ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತಿರುತ್ತವೆ. ನೀರು, ಗಾಜು, ಎಲೆಯಂತಹ ಲೋಹವಲ್ಲದ ಮೇಲ್ಮೈಗೆ ಓರೆಯಾಗಿ ತಾಗಿ ಪ್ರತಿಫಲಿಸಿದಾಗ ಅದರಲ್ಲಿ ಒಂದು ದಿಕ್ಕಿನ ಕಂಪನವೇ ಮೇಲುಗೈ ಪಡೆಯುತ್ತದೆ. ಆ ದಿಕ್ಕನ್ನು ತಡೆಯುವಂತೆ ಫಿಲ್ಟರನ್ನು ತಿರುಗಿಸಿದರೆ ಪ್ರತಿಫಲನ ಅಡಗುತ್ತದೆ. ಪ್ರತಿಫಲನದಿಂದ ಬೆಳಕು ಹೀಗೆ ಧ್ರುವೀಕರಣಗೊಳ್ಳುವುದನ್ನು ಫ್ರಾನ್ಸಿನ ಭೌತವಿಜ್ಞಾನಿ ಮಾಲುಸ್ 1808ರಲ್ಲಿ ಕಂಡುಕೊಂಡರು. ಇದು ಪೂರ್ತಿಯಾಗಿ ನಡೆಯುವುದು ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ: ನೀರಿಗಾದರೆ ಲಂಬದಿಂದ ಸುಮಾರು 53 ಡಿಗ್ರಿ, ಅಂದರೆ ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ, ಗಾಜಿಗೆ ಮೇಲ್ಮೈಯಿಂದ ಸುಮಾರು 34 ಡಿಗ್ರಿ. ಕೆರೆಯ ದಡದಲ್ಲಿ ನಿಂತು ಕಾಲ ಬುಡದ ನೀರನ್ನು ನೋಡಿದರೆ ತಳದ ಕಲ್ಲುಗಳು ಕಾಣುತ್ತವೆ, ಆಚೆ ದಡದ ಹತ್ತಿರದ ನೀರಿನಲ್ಲಿ ಫಿಲ್ಟರಿನ ಪ್ರಭಾವ ಅಷ್ಟಾಗಿ ಕಾಣುವುದಿಲ್ಲ ಎಂಬುದಕ್ಕೆ ಇದೇ ಕಾರಣ. ಬಾದಾಮಿಯ ಅಗಸ್ತ್ಯ ತೀರ್ಥದಲ್ಲಿ ಭೂತನಾಥ ದೇವಾಲಯದ ಪ್ರತಿಬಿಂಬವನ್ನು ತೆಗೆಯಲು ಹೋದವರು ಇದನ್ನು ನೆನಪಿಡಬೇಕು. ಅಲ್ಲಿ ಪ್ರತಿಬಿಂಬವೇ ಚಿತ್ರ. ಅದು ಗಟ್ಟಿಯಾಗಿ ನಿಲ್ಲುವ ಕಡೆಗೆ ಬಳೆಯನ್ನು ತಿರುಗಿಸಿ, ಇಲ್ಲವೇ ಫಿಲ್ಟರನ್ನು ತೆಗೆದುಬಿಡಿ.

ಇಲ್ಲಿ ವಿಷಯದಿಂದ ತುಸು ಪಕ್ಕಕ್ಕೆ ಸರಿಯಲು ಅನುಮತಿ ಕೊಡಿ, ಏಕೆಂದರೆ ಈ ಕಥೆಗೆ ನಮ್ಮ ಬೆಂಗಳೂರಿನ ನಂಟಿದೆ. 1921ರಲ್ಲಿ ಇಂಗ್ಲೆಂಡಿನಿಂದ ಎಸ್.ಎಸ್. ನಾರ್ಕುಂಡ ಎಂಬ ಹಡಗಿನಲ್ಲಿ ಭಾರತಕ್ಕೆ ಮರಳುತ್ತಿದ್ದ ಸಿ.ವಿ. ರಾಮನ್ ಸಮುದ್ರದ ನೀಲಿಯನ್ನು ನೋಡುತ್ತಾ ಬಂದರು. ಕಡಲಿನ ನೀಲಿ ಆಕಾಶದ ಪ್ರತಿಫಲನವಷ್ಟೇ ಎಂದು ರ್‍ಯಾಲೆ ಅವರಂತಹ ದೊಡ್ಡ ವಿಜ್ಞಾನಿಯೇ ಹೇಳಿದ್ದ ಕಾಲ ಅದು. ರಾಮನ್ ತಮ್ಮ ಬಳಿ ಇದ್ದ ನಿಕೋಲ್ ಪ್ರಿಸಂ ಎಂಬ ಸ್ಫಟಿಕದ ಸಾಧನದ ಮೂಲಕ, ನಾನು ಈಗ ಹೇಳಿದ ಕೋನದಲ್ಲೇ, ನೀರಿನ ಮೇಲ್ಮೈಯನ್ನು ನೋಡಿ ಆಕಾಶದ ಪ್ರತಿಫಲನವನ್ನು ಅಡಗಿಸಿದರು. ಪ್ರತಿಫಲನ ಹೋದ ಮೇಲೆ ಸಮುದ್ರ ಮಂಕಾಗಲಿಲ್ಲ, ಇನ್ನೂ ಗಾಢವಾದ ನೀಲಿಯಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಅವರ ವಾದ ಅಲ್ಲಿಂದ ಬೆಳೆದು, 1928ರ ರಾಮನ್ ಪರಿಣಾಮದ ಶೋಧದವರೆಗೆ ಹೋಯಿತು. 1948ರಲ್ಲಿ ಅವರು ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ನಿಮ್ಮ ಕೈಯಲ್ಲಿರುವ ಪೋಲರೈಸರ್ ಮಾಡುವುದು ಆ ಪ್ರಿಸಂ ಮಾಡಿದ ಕೆಲಸವನ್ನೇ. ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸದೆಯೂ ಕಣ್ಣಿಗೆ ಹಿಡಿದು ಮುರುಡೇಶ್ವರದ ಕಡಲನ್ನು ಒಮ್ಮೆ ನೋಡಿ.

ಆಕಾಶದ ವಿಚಾರ. ನೀಲಿ ಆಕಾಶದ ಬೆಳಕು ಕೂಡ ಧ್ರುವೀಕರಣಗೊಂಡಿರುತ್ತದೆ, ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚಾಗಿ. ತೋರುಬೆರಳನ್ನು ಸೂರ್ಯನ ಕಡೆಗೆ ಚಾಚಿ ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಹಿಡಿದು ಕೈಯನ್ನು ತಿರುಗಿಸಿದರೆ, ಹೆಬ್ಬೆರಳು ತೋರಿಸುವ ಪಟ್ಟಿಯೇ ಫಿಲ್ಟರಿಗೆ ಒಲಿಯುವ ಆಕಾಶ. ಹಂಪಿಯ ಮಾತಂಗ ಬೆಟ್ಟದ ಮೇಲೆ ಬೆಳಗಿನ ಸೂರ್ಯನ ಎದುರಿಗೆ ಕ್ಯಾಮೆರಾ ಹಿಡಿದರೆ ಆಕಾಶದಲ್ಲಿ ಏನೂ ಬದಲಾಗದು. ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿದರೆ ನೀಲಿ ಆಳವಾಗುತ್ತದೆ, ಮೋಡಗಳು ಎದ್ದು ನಿಲ್ಲುತ್ತವೆ. ಆದರೆ 24 ಎಂಎಂಗಿಂತ ಅಗಲವಾದ ಲೆನ್ಸಿನಲ್ಲಿ ಆ ಪಟ್ಟಿ ಮಾತ್ರ ಕಪ್ಪಾಗಿ, ಎರಡೂ ಬದಿ ತೆಳುವಾಗಿ ಉಳಿದು, ಆಕಾಶಕ್ಕೆ ಕಲೆ ಬಿದ್ದಂತೆ ಕಾಣುತ್ತದೆ. ಪನೋರಮಾ ತೆಗೆಯುವಾಗಲಂತೂ ಒಂದೊಂದು ಚೌಕಟ್ಟಿನ ಆಕಾಶವೂ ಒಂದೊಂದು ಬಣ್ಣವಾಗುತ್ತದೆ. ಅಂತಹ ಕಡೆ ಫಿಲ್ಟರನ್ನು ಪೂರ್ತಿ ತಿರುಗಿಸದೆ ಅರ್ಧಕ್ಕೆ ನಿಲ್ಲಿಸುವುದು ಅಥವಾ ಕಳಚುವುದು ಲೇಸು.

ಕಾಮನಬಿಲ್ಲಿನ ಬೆಳಕು ಕೂಡ ಬಹುಮಟ್ಟಿಗೆ ಧ್ರುವೀಕರಣಗೊಂಡಿರುತ್ತದೆ ಎಂಬುದು ಹಲವರಿಗೆ ಹೊಸ ಸಂಗತಿ. ಜೋಗದಲ್ಲಿ ನೀರಿನ ತುಂತುರಿನ ಮೇಲೆ ಬಿಸಿಲು ಬಿದ್ದು ಬಿಲ್ಲು ಮೂಡಿದಾಗ ಪೋಲರೈಸರನ್ನು ಒಂದು ಕಡೆ ತಿರುಗಿಸಿದರೆ ಬಿಲ್ಲಿನ ನೆತ್ತಿ ಮಾಯವಾಗುತ್ತದೆ, ಕಾಲು ಸುತ್ತು ತಿರುಗಿಸಿದರೆ ನೆತ್ತಿ ಉಜ್ವಲವಾಗಿ ಕಾಲುಗಳು ಮಾಸುತ್ತವೆ. ನೋಡದೆ ಒತ್ತಿದವರು ಬಿಲ್ಲನ್ನೇ ಕಳೆದುಕೊಳ್ಳುತ್ತಾರೆ. ಬಳೆಯನ್ನು ತಿರುಗಿಸುವಾಗ ಕಣ್ಣು ಪರದೆಯ ಮೇಲೆಯೇ ಇರಬೇಕು. ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಫಿಲ್ಟರನ್ನೂ ಹೊಸದಾಗಿ ಹೊಂದಿಸಬೇಕು.

ಬೇಲೂರಿನ ಒಳಮಂಟಪದ ಕಡೆದ ಕಂಬಗಳ ಮೇಲೆ ಬಾಗಿಲಿನ ಬೆಳಕು ಬಿಳಿ ಗೆರೆಯಾಗಿ ಹೊಳೆಯುವುದನ್ನು ಪೋಲರೈಸರ್ ತಗ್ಗಿಸುತ್ತದೆ, ಏಕೆಂದರೆ ಅದು ಕಲ್ಲು. ಪಕ್ಕದ ಹಿತ್ತಾಳೆಯ ದೀಪಕಂಬದ ಹೊಳಪನ್ನು ತಗ್ಗಿಸುವುದಿಲ್ಲ, ಏಕೆಂದರೆ ಲೋಹದ ಪ್ರತಿಫಲನ ಈ ಬಗೆಯಲ್ಲಿ ಧ್ರುವೀಕರಣಗೊಳ್ಳುವುದಿಲ್ಲ. ಈ ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ನುಂಗುತ್ತದೆ ಎಂಬುದನ್ನೂ ಮರೆಯಬಾರದು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು. ಕಬಿನಿಯಲ್ಲಿ ಮುಂಜಾನೆಯ ಸಫಾರಿಗೆ ಹೊರಟವರಿಗೆ 1/500 ಸೆಕೆಂಡಿನ ಶಟರ್ ವೇಗ ಸಿಗುವ ಕಡೆ ಪೋಲರೈಸರ್ ಹಾಕಿದರೆ 1/125ಕ್ಕೆ ಇಳಿಯುತ್ತದೆ. ಓಡುವ ಜಿಂಕೆಗೆ ಅದು ಸಾಲದು. ಅಲ್ಲಿ ಅದು ಚೀಲದಲ್ಲಿಯೇ ಇರಲಿ.

ಪೋಲರೈಸರಿನಲ್ಲಿ ಲೀನಿಯರ್ ಮತ್ತು ಸರ್ಕ್ಯುಲರ್ ಎಂಬ ಎರಡು ಬಗೆಗಳಿವೆ. ಎಸ್‌ಎಲ್‌ಆರ್ ಕ್ಯಾಮೆರಾಗಳ ಒಳಗನ್ನಡಿ ಒಂದಿಷ್ಟು ಬೆಳಕನ್ನು ಹಾಯಲು ಬಿಟ್ಟು ಫೋಕಸ್ ಸಾಧನಕ್ಕೆ ಕಳುಹಿಸುತ್ತದೆ. ಧ್ರುವೀಕರಣಗೊಂಡ ಬೆಳಕು ನೇರವಾಗಿ ಒಳಗೆ ಬಂದರೆ ಬೆಳಕಿನ ಅಳತೆಯೂ ಫೋಕಸೂ ತಪ್ಪಬಹುದು. ಆದ್ದರಿಂದ ಸರ್ಕ್ಯುಲರ್ ಫಿಲ್ಟರಿನ ಹಿಂಬದಿಗೆ ಇನ್ನೊಂದು ಪದರ ಸೇರಿಸಿರುತ್ತಾರೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಈ ಅಗತ್ಯವಿಲ್ಲವಾದರೂ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಸರ್ಕ್ಯುಲರ್, ಅದನ್ನೇ ಕೊಳ್ಳಿ. ಕೊಳ್ಳುವಾಗ ಅಂಗಡಿಯ ಕಂಪ್ಯೂಟರಿನ ಎಲ್‌ಸಿಡಿ ಪರದೆಯ ಎದುರು ಫಿಲ್ಟರಿನ ಮುಂಬದಿ ಪರದೆಯ ಕಡೆಗಿರುವಂತೆ ಹಿಡಿದು ತಿರುಗಿಸಿ. ಒಳ್ಳೆಯ ಫಿಲ್ಟರಿನಲ್ಲಿ ಪರದೆ ಒಂದು ಹಂತದಲ್ಲಿ ಪೂರ್ತಿ ಕಪ್ಪಾಗಬೇಕು. ಕಡುನೀಲಿಯಲ್ಲೋ ನೇರಳೆಯಲ್ಲೋ ನಿಂತರೆ ಅದನ್ನು ಬಿಟ್ಟು ಬೇರೆಯದನ್ನು ಕೇಳಿ.

ಎರಡನೆಯ ಫಿಲ್ಟರ್ ಎನ್‌ಡಿ, ಅಂದರೆ ಬಣ್ಣವನ್ನು ಬದಲಿಸದೆ ಬೆಳಕನ್ನು ಮಾತ್ರ ಕಡಿಮೆ ಮಾಡುವ ಬೂದುಗಪ್ಪು ಗಾಜು. ಇದರ ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ಒಬ್ಬ ತಯಾರಕ ಎನ್‌ಡಿ 8 ಎನ್ನುತ್ತಾನೆ, ಇನ್ನೊಬ್ಬ 0.9 ಎನ್ನುತ್ತಾನೆ, ಮತ್ತೊಬ್ಬ 3 ಸ್ಟಾಪ್ ಎನ್ನುತ್ತಾನೆ, ಮೂರೂ ಒಂದೇ. ಎನ್‌ಡಿ 64 ಅಂದರೆ 1.8, ಅಂದರೆ 6 ಸ್ಟಾಪ್. ಎನ್‌ಡಿ 1000 ಅಂದರೆ 3.0, ಅಂದರೆ 10 ಸ್ಟಾಪ್. ಒಂದೊಂದು ಸ್ಟಾಪಿಗೂ ಸಮಯ ಇಮ್ಮಡಿಯಾಗುತ್ತದೆ ಎಂದು ನೆನಪಿಟ್ಟರೆ ಲೆಕ್ಕ ಸುಲಭ.

ಮಳೆಗಾಲದ ಮೋಡದಲ್ಲಿ ಜೋಗದ ಎದುರು ನಿಂತಿದ್ದೀರಿ ಎಂದುಕೊಳ್ಳೋಣ. ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್/11 ಇದ್ದರೆ ಶಟರ್ ತೆರೆದಿರುವ ಸಮಯ ಸುಮಾರು 1/30 ಸೆಕೆಂಡು ಬರುತ್ತದೆ. 3 ಸ್ಟಾಪಿನ ಫಿಲ್ಟರ್ ಹಾಕಿದರೆ 1/4 ಸೆಕೆಂಡು, 6 ಸ್ಟಾಪಿನದಾದರೆ 2 ಸೆಕೆಂಡು, 10 ಸ್ಟಾಪಿನದಾದರೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು. ಇವುಗಳಲ್ಲಿ ಯಾವುದು? ಹತ್ತು ಸ್ಟಾಪಿನದನ್ನು ಕೊಂಡವರು ಎಲ್ಲ ಜಲಪಾತಕ್ಕೂ ಅದನ್ನೇ ಹಾಕುತ್ತಾರೆ, ಎಲ್ಲ ಜಲಪಾತಗಳೂ ಒಂದೇ ಬಿಳಿ ಪಟ್ಟಿಯಾಗಿ ಬರುತ್ತವೆ. ರಾಜ ನೇರವಾಗಿ 253 ಮೀಟರ್ ಧುಮುಕುತ್ತಾನೆ, ರೋರರ್ ಬಂಡೆಗೆ ಬಡಿದು ಸುತ್ತಿ ಹೊರಳುತ್ತದೆ, ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತದೆ, ರಾಣಿ ಬಂಡೆಯ ಮೈಗೆ ಅಂಟಿಕೊಂಡು ಜಾರುತ್ತಾಳೆ. ಅರ್ಧ ನಿಮಿಷದ ಚಿತ್ರದಲ್ಲಿ ಈ ನಾಲ್ವರನ್ನೂ ಬೇರೆ ಬೇರೆಯಾಗಿ ಗುರುತಿಸಲು ಸಾಧ್ಯವಿಲ್ಲ. ರಾಕೆಟ್ಟಿಗೆ ಆ ಹೆಸರು ತಂದ ಚಿಮ್ಮುಗಳು ಒಂದೂ ಉಳಿಯುವುದಿಲ್ಲ. 1/4ರಿಂದ 1 ಸೆಕೆಂಡಿನ ನಡುವೆ ನೀರಿನ ಎಳೆಗಳು ಮೃದುವಾಗುತ್ತವೆ, ಆದರೆ ಎಳೆಗಳಾಗಿಯೇ ಉಳಿಯುತ್ತವೆ. ನನಗೆ ಸರಿಯೆನಿಸುವುದು ಅದು. ಕಾಡಿನ ಒಳಗಿನ ಸಣ್ಣ ಅಬ್ಬಿಗಳಿಗೆ ಎನ್‌ಡಿ ಬೇಕಾಗುವುದೇ ಅಪರೂಪ, ಏಕೆಂದರೆ ಆ ಮಬ್ಬಿನಲ್ಲಿ ಪೋಲರೈಸರ್ ಒಂದೇ ಮುಕ್ಕಾಲು ಸೆಕೆಂಡನ್ನು ಒದಗಿಸಿ ಒದ್ದೆ ಬಂಡೆಯ ಹೊಳಪನ್ನೂ ತೆಗೆಯುತ್ತದೆ.

ಹತ್ತು ಸ್ಟಾಪಿನ ಗಾಜಿಗೆ ಯೋಗ್ಯವಾದ ಜಾಗ ಸಮುದ್ರ. ನಡುಹಗಲಿನಲ್ಲಿ ಅದು ಕೊಡುವುದು 4 ಸೆಕೆಂಡು ಮಾತ್ರ. ಸೂರ್ಯ ಮುಳುಗಿದ ಮೇಲೆ, ಫಿಲ್ಟರಿಲ್ಲದೆ 1/15 ಸೆಕೆಂಡು ಬರುವ ಹೊತ್ತಿಗೆ, ಒಂದು ನಿಮಿಷ ದಾಟುತ್ತದೆ, ಅಲೆಗಳು ಬಂಡೆಗಳ ಸುತ್ತ ಮಂಜಿನಂತೆ ಕೂರುತ್ತವೆ. ಕೆಲಸದ ಕ್ರಮ ಹೀಗಿರಲಿ: ಮೊದಲು ಟ್ರೈಪಾಡಿನ ಮೇಲೆ ಚೌಕಟ್ಟನ್ನು ನಿರ್ಧರಿಸಿ, ಫೋಕಸ್ ಮಾಡಿ ಅದನ್ನು ಮ್ಯಾನುವಲ್‌ಗೆ ತಿರುಗಿಸಿ, ಫಿಲ್ಟರಿಲ್ಲದೆ ಒಂದು ಪರೀಕ್ಷಾ ಚಿತ್ರ ತೆಗೆದು ಸಮಯವನ್ನು ಗುರುತಿಸಿಕೊಂಡು, ಆಮೇಲೆ ಫಿಲ್ಟರನ್ನು ತಿರುಚಿ ಹಾಕಿ. 30 ಸೆಕೆಂಡು ಮೀರಿದರೆ, ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಬಲ್ಬ್ ಮೋಡ್ ಮತ್ತು ರಿಮೋಟ್ ಬೇಕು. ಎಸ್‌ಎಲ್‌ಆರ್ ಆದರೆ ಹಿಂದಿನ ವ್ಯೂಫೈಂಡರನ್ನು ಮುಚ್ಚಿ, ಅಲ್ಲಿಂದ ನುಸುಳುವ ಬೆಳಕು ಚಿತ್ರದ ಮೇಲೆ ಪಟ್ಟಿಯಾಗಿ ಬೀಳುತ್ತದೆ. ಅಗ್ಗದ ಎನ್‌ಡಿಗಳು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಬಿಡುವುದರಿಂದ ಚಿತ್ರವೆಲ್ಲ ಕೆಂಗಂದಾಗುತ್ತದೆ. ಕಪ್ಪು ಬಟ್ಟೆ ಕಂದಾಗಿ ಬಂದರೆ ಅದೇ ಗುರುತು. ಬಿಳಿ ಗೋಡೆಯೊಂದನ್ನು ಫಿಲ್ಟರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ತೆಗೆದು ಹೋಲಿಸಿದರೆ ಮನೆಯಲ್ಲೇ ತಿಳಿಯುತ್ತದೆ. ತಿರುಗಿಸಿ ಗಾಢತೆಯನ್ನು ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಎಂದರೆ ಒಂದರ ಮೇಲೊಂದು ಕೂರಿಸಿದ ಎರಡು ಪೋಲರೈಸರುಗಳು. ವಿಡಿಯೊ ಮಾಡುವವರಿಗೆ ಅದು ವರದಾನ. ಅಗಲ ಲೆನ್ಸಿನಲ್ಲಿ ಅದನ್ನು ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಗುಣಿಸುವ ಚಿಹ್ನೆಯಂತಹ ಕಪ್ಪು ಅಡ್ಡಗೆರೆ ಬೀಳುತ್ತದೆ.

ಬೆಳಗುವ ಆಕಾಶವನ್ನಷ್ಟೇ ತಗ್ಗಿಸುವ, ಅರ್ಧ ಕಪ್ಪು, ಅರ್ಧ ತಿಳಿಯಾದ ಗ್ರಾಜುಯೇಟೆಡ್ ಫಿಲ್ಟರುಗಳನ್ನು ಅಮೆರಿಕದ ಪರ್ವತ ಛಾಯಾಗ್ರಾಹಕ ಗೇಲನ್ ರೋವೆಲ್ ಜನಪ್ರಿಯಗೊಳಿಸಿದರು. ಗೋಕರ್ಣದ ದಿಗಂತದಂತಹ ನೇರ ಗೆರೆಗೆ ಅವು ಚೆನ್ನ. ಮುಳ್ಳಯ್ಯನಗಿರಿಯ ಏರಿಳಿತದ ಸಾಲಿಗೆ ಹಾಕಿದರೆ ಆಕಾಶದೊಂದಿಗೆ ಶಿಖರವೂ ಕಪ್ಪಾಗುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡಿ ಎರಡು ಮೂರು ಎಕ್ಸ್‌ಪೋಷರುಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವುದು ಇಂದು ಸುಲಭವಾಗಿರುವಾಗ, ನನ್ನ ಮೊದಲ ಪ್ರಶ್ನೆಯ ಪ್ರಕಾರ, ಇವುಗಳಿಗೆ ಅವಸರಪಡಬೇಕಿಲ್ಲ.

ಕಪ್ಪು ಬಿಳುಪಿನ ಹಳದಿ, ಕೆಂಪು, ಹಸಿರು ಫಿಲ್ಟರುಗಳ ಕಥೆಯೂ ಅದೇ, ಆದರೆ ಅವುಗಳ ತತ್ವವನ್ನು ತಿಳಿದಿರಬೇಕು. 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಎದುರು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಹಳದಿ ಫಿಲ್ಟರಿನಲ್ಲಿ ಒಂದು ಚಿತ್ರ ತೆಗೆದು, ಆಕಾಶ ತಾವು ಮನಸ್ಸಿನಲ್ಲಿ ಕಂಡಷ್ಟು ಕಪ್ಪಾಗಿ ಬರಲಾರದು ಎಂದು ಅರಿತು, ಉಳಿದಿದ್ದ ಕೊನೆಯ ಗಾಜಿನ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿಯನ್ನು ತಡೆಯುವುದರಿಂದ ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಬಣ್ಣದ ಡಿಜಿಟಲ್ ಚಿತ್ರವನ್ನು ಕಪ್ಪು ಬಿಳುಪಿಗೆ ಪರಿವರ್ತಿಸುವಾಗ ನೀಲಿಯ ಮಟ್ಟವನ್ನು ಇಳಿಸಿ ನೀವು ಮಾಡುವುದು ಅದನ್ನೇ. ಫಿಲ್ಮ್ ಬಳಸುವವರು ಮಾತ್ರ ಇಂದಿಗೂ ಈ ಗಾಜುಗಳನ್ನು ಇಟ್ಟುಕೊಳ್ಳಬೇಕು: ಹಳದಿಗೆ ಸುಮಾರು ಒಂದು ಸ್ಟಾಪ್, 25ನೇ ಸಂಖ್ಯೆಯ ಕೆಂಪಿಗೆ ಸುಮಾರು ಮೂರು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು.

ಸೂರ್ಯಗ್ರಹಣದ ಬಗ್ಗೆ ಗಂಭೀರವಾಗಿ ಒಂದು ಮಾತು. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದಲ್ಲಿ ಕಂಕಣ ಗ್ರಹಣ ನೋಡಲು ಜನ ಸೇರಿದ್ದು ನಿಮಗೆ ನೆನಪಿರಬಹುದು. ಅಂತಹ ಸಂದರ್ಭಕ್ಕೆ ಎನ್‌ಡಿ 1000 ಸಾಲದು. ಸೌರ ಫಿಲ್ಟರ್ ಬೆಳಕನ್ನು ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ಅವಕೆಂಪನ್ನೂ ಅತಿನೇರಳೆಯನ್ನೂ ತಡೆಯುತ್ತದೆ. ಎರಡು ಮೂರು ಎನ್‌ಡಿಗಳನ್ನು ಜೋಡಿಸಿ ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಕಾಣದ ಅವಕೆಂಪು ಕಿರಣಗಳು ಕಣ್ಣಿನ ಪಟಲವನ್ನು ನೋವಿಲ್ಲದೆಯೇ ಸುಡಬಹುದು. ಸೌರ ಫಿಲ್ಟರ್ ಲೆನ್ಸಿನ ಮುಂದೆಯೇ ಇರಬೇಕು, ಹಿಂದೆ ಅಲ್ಲ.

ಕೊಳ್ಳುವ ಅಳತೆಯನ್ನು ಲೆನ್ಸಿನ ಮುಂಬದಿಯಲ್ಲೋ ಮುಚ್ಚಳದ ಒಳಬದಿಯಲ್ಲೋ, ಗೆರೆ ಎಳೆದ ಸೊನ್ನೆಯ ಚಿಹ್ನೆಯ ಪಕ್ಕದಲ್ಲಿ ನೋಡಿ: 52, 58, 67, 77, 82 ಹೀಗೆ. 50 ಎಂಎಂ ಲೆನ್ಸಿಗೆ 50ರ ಫಿಲ್ಟರ್ ಎಂದು ತಿಳಿಯಬೇಡಿ. ನಿಮ್ಮ ಅತಿ ದೊಡ್ಡ ಲೆನ್ಸಿನ ಅಳತೆಗೆ ಒಂದೇ ಒಳ್ಳೆಯ ಪೋಲರೈಸರ್ ಕೊಂಡು, ಉಳಿದ ಲೆನ್ಸುಗಳಿಗೆ ದೊಡ್ಡ ಫಿಲ್ಟರನ್ನು ಸಣ್ಣ ಲೆನ್ಸಿಗೆ ಕೂರಿಸುವ ಸ್ಟೆಪ್ ಅಪ್ ರಿಂಗ್ ಹಾಕಿಕೊಂಡರೆ ಹಣ ಉಳಿಯುತ್ತದೆ. ಆ ಲೆನ್ಸುಗಳಿಗೆ ಹುಡ್ ಹಾಕಲಾಗುವುದಿಲ್ಲ ಎಂಬುದಷ್ಟೇ ಅದರ ಕೊರತೆ. ಫಿಲ್ಟರಿನ ಮೇಲೆ ಫಿಲ್ಟರ್ ಹಾಕಬೇಡಿ, ಅಗಲ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗುತ್ತವೆ. ಬಿಗಿಯಾಗಿ ಸಿಕ್ಕಿಕೊಂಡದ್ದನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರೆ ಉಂಗುರ ಅಂಡಾಕಾರವಾಗಿ ಇನ್ನೂ ಬಿಗಿಯುತ್ತದೆ. ಅಗಲವಾದ ರಬ್ಬರ್ ಬ್ಯಾಂಡನ್ನು ಸುತ್ತ ಹಾಕಿ, ಇಡೀ ಅಂಚನ್ನು ಸಮನಾಗಿ ಹಿಡಿದು ತಿರುಗಿಸಿ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಇರುವವರು ಮಳೆಯಲ್ಲಿ ಚಿತ್ರ ತೆಗೆದು ಮನೆಗೆ ಬಂದ ರಾತ್ರಿ ಫಿಲ್ಟರನ್ನು ಲೆನ್ಸಿನ ಮೇಲೆಯೇ ಬಿಡಬೇಡಿ. ಎರಡು ಗಾಜುಗಳ ನಡುವೆ ಸಿಕ್ಕ ತೇವದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಕಳಚಿ, ಊದಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಎರಡನ್ನೂ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಬೇರೆ ಬೇರೆಯಾಗಿ ಇಡಿ.